ಸಿರಾಕ್ಯೂಸ್‌ನ ಹತ್ತು ಮಂದಿ: ಒಂದು ಪಟ್ಟಿ, ಅದರ ವ್ಯಾಖ್ಯಾನ

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ಊರಿನ ಮಾನದ ಪ್ರಶ್ನೆ. ತಮ್ಮ ತಂಡದ ಚರಿತ್ರೆಯಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಯಾರೆಂಬ ವಾದ ಅಲ್ಲಿ ಅಪ್ಪನಿಂದ ಮಗನಿಗೆ ಬಳುವಳಿಯಾಗಿ ಬರುತ್ತದೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಆಟಗಾರರನ್ನು ಶ್ರೇಷ್ಠತೆಯ ಕ್ರಮದಲ್ಲಿ ನಿಲ್ಲಿಸುವ ಪಟ್ಟಿಯೊಂದನ್ನು ಬರೆದಿದ್ದೇನೆ. ಸಾಲುಗಳು ಚಿಕ್ಕವು, ಅವುಗಳ ಹಿಂದಿನ ವಿಚಾರ ದೊಡ್ಡದು. ಆದ್ದರಿಂದ ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ. ಕಪ್ಪು ಆಟಗಾರರಿಗೆ ಬಾಗಿಲು ತೆರೆದ ಹೆಮ್ಮೆಯೂ ಅದೇ ಬಾಗಿಲನ್ನು ಅವರ ಮುಖಕ್ಕೆ ಮುಚ್ಚಿದ ಕಳಂಕವೂ ಈ ತಂಡದ ಚರಿತ್ರೆಯಲ್ಲಿ ಅಕ್ಕಪಕ್ಕದಲ್ಲೇ ಇವೆ. ಈ ತಂಡವನ್ನೇ ಆರಿಸಿಕೊಂಡದ್ದು ಅದಕ್ಕಾಗಿ.

ಆಟದ ಪರಿಚಯ ಇಲ್ಲದವರಿಗೆ ಇಷ್ಟು ಸಾಕು. ಇದರಲ್ಲಿ ಚೆಂಡನ್ನು ಎದೆಗವಚಿಕೊಂಡು ಓಡಬೇಕು, ಇಲ್ಲವೇ ಮುಂದಿರುವವನಿಗೆ ಎಸೆಯಬೇಕು. ಅಂಗಳ 100 ಗಜ. ನಾಲ್ಕು ಪ್ರಯತ್ನದೊಳಗೆ 10 ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಅದರ ಬೆನ್ನಿಗೇ ಕಂಬಗಳ ನಡುವೆ ಚೆಂಡು ಒದ್ದರೆ ಇನ್ನೊಂದು ಅಂಕ.

1. ಈ ಜೆರ್ಸಿ ತೊಟ್ಟು ಆಡಿದ್ದಷ್ಟೇ ಲೆಕ್ಕಕ್ಕೆ. ಆಮೇಲೆ ಗಳಿಸಿದ್ದು ಬೇರೆ ಖಾತೆ.

ಈ ನಿಯಮವನ್ನು ಮೊದಲೇ ಹಾಕಿಕೊಳ್ಳದಿದ್ದರೆ ಪಟ್ಟಿ ದಾರಿ ತಪ್ಪುತ್ತದೆ. ವೃತ್ತಿಪರ ಲೀಗಿನಲ್ಲಿ ಹೆಸರು ಮಾಡಿದವರನ್ನು ಅದೇ ಹೆಸರಿನ ಬಲದ ಮೇಲೆ ಕಾಲೇಜಿನ ಪಟ್ಟಿಯಲ್ಲೂ ಮೇಲಕ್ಕೇರಿಸುವ ಚಾಳಿ ಎಲ್ಲೆಡೆ ಇದೆ. ಜಿಮ್ ಬ್ರೌನ್ ಕ್ಲೀವ್‌ಲ್ಯಾಂಡ್‌ಗಾಗಿ ಓಡಿದ 12,312 ಗಜ ಕ್ಲೀವ್‌ಲ್ಯಾಂಡಿನದು. ಮಾರ್ವಿನ್ ಹ್ಯಾರಿಸನ್ 2002ರ ಒಂದೇ ಋತುವಿನಲ್ಲಿ ಹಿಡಿದ 143 ಎಸೆತ ಇಂಡಿಯಾನಾಪೊಲಿಸ್‌ನದು. ಸಿರಾಕ್ಯೂಸ್ ಅವುಗಳ ಬಗ್ಗೆ ಹೆಮ್ಮೆಪಡಬಹುದು, ತನ್ನವೆಂದು ಹೇಳಿಕೊಳ್ಳುವಂತಿಲ್ಲ.

ಕಾಲದ ವ್ಯತ್ಯಾಸವನ್ನೂ ಇಲ್ಲೇ ಹೇಳಿಬಿಡಬೇಕು. 1972ರವರೆಗೆ ಮೊದಲ ವರ್ಷದ ವಿದ್ಯಾರ್ಥಿಗೆ ಮುಖ್ಯ ತಂಡದಲ್ಲಿ ಜಾಗವಿರಲಿಲ್ಲ. ಅಂದಿನವರಿಗೆ ಸಿಕ್ಕಿದ್ದು ಮೂರೇ ವರ್ಷ. 1956ರಲ್ಲಿ ಸಿರಾಕ್ಯೂಸ್‌ನ ಋತುವಿಗೆ 8 ಪಂದ್ಯ, ಇವತ್ತು 12. ಋತು ಮುಗಿದ ಮೇಲೆ ಆಡುವ ಬೌಲ್ ಪಂದ್ಯಗಳ ಅಂಕಿಅಂಶವನ್ನು 2002ರವರೆಗೆ ಅಧಿಕೃತ ದಾಖಲೆಗೆ ಸೇರಿಸುತ್ತಲೇ ಇರಲಿಲ್ಲ. ಐವತ್ತರ ದಶಕದಲ್ಲಿ ಬದಲಿ ಆಟಗಾರರ ಮೇಲೆ ಬಿಗಿಯಾದ ನಿರ್ಬಂಧವಿದ್ದುದರಿಂದ ದಾಳಿಯಲ್ಲಿ ಓಡಿದವನೇ ರಕ್ಷಣೆಗೂ ನಿಲ್ಲಬೇಕಿತ್ತು. ಹಾಗಾಗಿ ಹಳಬರ ಒಟ್ಟು ಮೊತ್ತ ಕಡಿಮೆ ಕಂಡರೆ ಆಟ ಕಡಿಮೆಯಾಗಿತ್ತು ಎಂದುಕೊಳ್ಳಬಾರದು.

2. ಮೊದಲನೆಯವರು ಎರ್ನಿ ಡೇವಿಸ್.

3. ಎರಡನೆಯವರು ಜಿಮ್ ಬ್ರೌನ್. ನಡುವಿನ ಅಂತರ ಕೂದಲೆಳೆಯಷ್ಟು.

ಈ ಎರಡು ಸಾಲುಗಳನ್ನು ಒಟ್ಟಿಗೇ ಓದಬೇಕು. ಸಿರಾಕ್ಯೂಸ್‌ನವರಲ್ಲೇ ಬಹಳ ಮಂದಿ ಈ ಕ್ರಮವನ್ನು ತಿರುವಿಹಾಕುತ್ತಾರೆ.

ಬ್ರೌನ್ ಪರವಾದ ವಾದ ಗಟ್ಟಿಯಾಗಿದೆ. ಲಾಂಗ್ ಐಲ್ಯಾಂಡಿನ ಮ್ಯಾನ್‌ಹ್ಯಾಸೆಟ್‌ನಿಂದ ಬಂದಾಗ ಅವರಿಗೆ ಫುಟ್‌ಬಾಲ್ ವಿದ್ಯಾರ್ಥಿವೇತನ ಇರಲಿಲ್ಲ. ಊರಿನ ವಕೀಲ ಕೆನೆತ್ ಮಲಾಯ್ ಅವರಿವರಿಂದ ಹಣ ಕೂಡಿಸಿ ಕಳಿಸಿದ್ದರು. ತಂಡದಲ್ಲಿ ಮೊದಮೊದಲು ಅವರನ್ನು ಕೇಳುವವರಿರಲಿಲ್ಲ. ಅಂಥ ಹುಡುಗ ಮೂರನೆಯ ವರ್ಷ, 1956ರಲ್ಲಿ, 8 ಪಂದ್ಯಗಳಲ್ಲಿ 986 ಗಜ ಓಡಿದರು. ಆ ನವೆಂಬರ್ 17ರಂದು ಕೋಲ್ಗೇಟ್ ವಿರುದ್ಧ ಆರು ಟಚ್‌ಡೌನ್ ಹೊಡೆದದ್ದಲ್ಲದೆ ಹೆಚ್ಚುವರಿ ಅಂಕದ ಒದೆತಗಳನ್ನೂ ತಾವೇ ಒದ್ದು ಏಳು ಸೇರಿಸಿದರು. ತಂಡದ 61 ಅಂಕದಲ್ಲಿ 43 ಅವರೊಬ್ಬರದು. ಋತುವಿನ ಕೊನೆಗೆ ಡಲ್ಲಾಸ್‌ನ ಕಾಟನ್ ಬೌಲ್‌ನಲ್ಲಿ ಟೆಕ್ಸಸ್ ಕ್ರಿಶ್ಚಿಯನ್ ತಂಡದೆದುರು 132 ಗಜ, ಮೂರು ಟಚ್‌ಡೌನ್, ಮೂರು ಒದೆತ. ಒಂದು ಒದೆತವನ್ನು ಎದುರಾಳಿಯೊಬ್ಬ ಹಾರಿ ತಡೆದ. ಸಿರಾಕ್ಯೂಸ್ 28-27ರಲ್ಲಿ ಸೋತದ್ದು ಆ ಒಂದೇ ಅಂಕದಿಂದ. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಆ ವರ್ಷ ನೋತ್ರ್ ಡೇಮ್‌ನ ಪಾಲ್ ಹಾರ್ನಂಗ್‌ಗೆ ಹೋಯಿತು. ಅವರ ತಂಡ ಗೆದ್ದದ್ದು ಎರಡು ಪಂದ್ಯ, ಸೋತದ್ದು ಎಂಟು. ಬ್ರೌನ್‌ಗೆ ಮತಗಣನೆಯಲ್ಲಿ ಸಿಕ್ಕಿದ್ದು ಐದನೆಯ ಸ್ಥಾನ. ಅದು ಅನ್ಯಾಯ, ಆ ಹೊತ್ತಿನವರೆಗೆ ಯಾವ ಕಪ್ಪು ಆಟಗಾರನಿಗೂ ಆ ಟ್ರೋಫಿ ಬಂದಿರಲಿಲ್ಲ ಎಂಬುದನ್ನು ಮರೆತು ಆ ಮತಗಳನ್ನು ಓದುವುದು ನನ್ನಿಂದಾಗದು.

ಹಾಗಿದ್ದೂ ಡೇವಿಸ್ ಮೊದಲು ಏಕೆ? ಮೂರು ವರ್ಷದಲ್ಲಿ ಬ್ರೌನ್ 361 ಸಲ ಚೆಂಡು ಹಿಡಿದು ಓಡಿದರು. ಬಂದದ್ದು 2,091 ಗಜ. ಡೇವಿಸ್ ಓಡಿದ್ದು 360 ಸಲ, ಬಂದದ್ದು 2,386. ಅವಕಾಶ ಸರಿಸಮ, ವರ್ಷಗಳು ಸರಿಸಮ, ಕೋಚ್ ಕೂಡ ಅದೇ ಬೆನ್ ಶ್ವಾರ್ಟ್ಸ್‌ವಾಲ್ಡರ್. ಎರಡು ಕಾಲದ ಆಟಗಾರರನ್ನು ಹೋಲಿಸಲು ಇಷ್ಟು ಸಮನಾದ ನೆಲ ಸಿಗುವುದೇ ಇಲ್ಲ, ಮತ್ತು ಆ ನೆಲದಲ್ಲಿ ಡೇವಿಸ್ 295 ಗಜ ಮುಂದಿದ್ದಾರೆ. ಡೇವಿಸ್‌ಗೆ ಮುಂದೆ ದಾರಿ ಬಿಡಿಸಿಕೊಡುವ ಆಟಗಾರರು ಚೆನ್ನಾಗಿದ್ದರು ಎಂಬ ಆಕ್ಷೇಪವಿದೆ, ಅದು ನಿಜ ಕೂಡ. 1959ರ ಆ ತಂಡ ದಾಳಿ, ರಕ್ಷಣೆ ಎರಡರಲ್ಲೂ ದೇಶಕ್ಕೇ ಮೊದಲಾಗಿತ್ತು. ಆದರೆ ಆ ತಂಡ ಆಡಿದ 11 ಪಂದ್ಯವನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆದಾಗ ಡೇವಿಸ್‌ಗೆ ಇನ್ನೂ ಮೊದಲ ಋತು. ಸಿರಾಕ್ಯೂಸ್‌ಗೆ ಈ ಆಟದಲ್ಲಿ ಅದೊಂದೇ ರಾಷ್ಟ್ರೀಯ ಕಿರೀಟ. 1961ರಲ್ಲಿ ಡೇವಿಸ್‌ಗೆ ಬಂದ ಹೈಸ್‌ಮನ್ ಟ್ರೋಫಿಯೂ ಅದರ ಪಾಲಿಗೆ ಅದೊಂದೇ. ಆ ಟ್ರೋಫಿ ಪಡೆದ ಮೊದಲ ಕಪ್ಪು ಆಟಗಾರ ಅವರು.

1960ರ ಜನವರಿ 1ರ ಕಾಟನ್ ಬೌಲ್ ಪಂದ್ಯವನ್ನು ನೋಡಿ. ಎದುರಾಳಿ ಟೆಕ್ಸಸ್, ಆಡುವುದೂ ಟೆಕ್ಸಸ್ ನೆಲದಲ್ಲೇ. ತೊಡೆಯ ಸ್ನಾಯು ಸೆಳೆದುಕೊಂಡಿದ್ದ ಡೇವಿಸ್ ಆಡುತ್ತಾರೋ ಇಲ್ಲವೋ ಎಂಬ ಅನುಮಾನವಿತ್ತು. ಆಟ ಶುರುವಾದ ಕೆಲವೇ ಕ್ಷಣಗಳಲ್ಲಿ ಗರ್ಹಾರ್ಡ್ ಶ್ವೇಡಿಸ್ ಎಸೆದ ಚೆಂಡನ್ನು ಹಿಡಿದು ಡೇವಿಸ್ ಅಂಗಳದ ಉದ್ದಕ್ಕೂ ಓಡಿದರು: 87 ಗಜದ ಟಚ್‌ಡೌನ್. ಸಿರಾಕ್ಯೂಸ್ 23-14ರಲ್ಲಿ ಗೆದ್ದಿತು, ಡೇವಿಸ್ ಪಂದ್ಯದ ಶ್ರೇಷ್ಠ ಆಟಗಾರ ಎನಿಸಿದರು. ಆ ರಾತ್ರಿಯ ಔತಣಕೂಟಕ್ಕೆ ಬರುವ ಮುನ್ನ ಅವರಿಗೆ ಬಂದ ಸೂಚನೆ ಹೀಗಿತ್ತು: ಬಿಳಿಯರ ಸಭಾಂಗಣಕ್ಕೆ ಬಂದು ಪ್ರಶಸ್ತಿ ತೆಗೆದುಕೊಳ್ಳಬಹುದು, ತೆಗೆದುಕೊಂಡ ಮೇಲೆ ಹೊರಡಬೇಕು. ಆ ಮಧ್ಯಾಹ್ನ ಮೈದಾನದಲ್ಲಿ ಆದದ್ದನ್ನೂ ಆ ಸಂಜೆ ಆದದ್ದನ್ನೂ ಬೇರೆ ಬೇರೆ ಮಾಡಿ ನಾನು ಅವರ ಆಟವನ್ನು ಅಳೆಯಲಾರೆ.

ವೃತ್ತಿಪರ ಲೀಗಿನ 1962ರ ಆಯ್ಕೆಯಲ್ಲಿ ಡೇವಿಸ್ ಮೊದಲನೆಯವರು. ಅವರನ್ನು ಆರಿಸಿದ ವಾಷಿಂಗ್ಟನ್ ತಂಡ ಬಾಬಿ ಮಿಚೆಲ್‌ಗೆ ಬದಲಾಗಿ ಅವರನ್ನು ಕ್ಲೀವ್‌ಲ್ಯಾಂಡಿಗೆ ಬಿಟ್ಟುಕೊಟ್ಟಿತು. ಬ್ರೌನ್ ಮತ್ತು ಡೇವಿಸ್ ಒಂದೇ ತಂಡದಲ್ಲಿ ಓಡುವುದನ್ನು ಎಲ್ಲರೂ ಕಾಯುತ್ತಿದ್ದರು. ಆ ಬೇಸಿಗೆಯಲ್ಲಿ ಡೇವಿಸ್‌ಗೆ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಒಂದೇ ಒಂದು ವೃತ್ತಿಪರ ಪಂದ್ಯವನ್ನೂ ಆಡದೆ 1963ರ ಮೇ 18ರಂದು, 23ನೆಯ ವಯಸ್ಸಿನಲ್ಲಿ ತೀರಿಕೊಂಡರು. ಜಿಮ್ ಬ್ರೌನ್ ತೀರಿಕೊಂಡದ್ದು ಸರಿಯಾಗಿ ಅರವತ್ತು ವರ್ಷದ ಬಳಿಕ, 2023ರ ಮೇ 18ರಂದು. ಮೊದಲ ಸ್ಥಾನವನ್ನು ನಾನು ಆ ಸಾವಿಗೆ ಮರುಗಿ ಕೊಟ್ಟಿಲ್ಲ. ಆದರೆ ಡೇವಿಸ್ ಆಡಿದ ದೊಡ್ಡ ಆಟವೆಲ್ಲ ಸಿರಾಕ್ಯೂಸ್‌ನ ಜೆರ್ಸಿಯಲ್ಲೇ ಉಳಿದುಬಿಟ್ಟಿತು ಎಂಬುದು ಸತ್ಯ. ಮೊದಲ ಸಾಲಿನ ನಿಯಮ ಅವರಿಗೆ ಒಪ್ಪುವಷ್ಟು ಬೇರೆ ಯಾರಿಗೂ ಒಪ್ಪುವುದಿಲ್ಲ.

4. ಮೂರು ಫ್ಲಾಯ್ಡ್ ಲಿಟಲ್, ನಾಲ್ಕು ಲ್ಯಾರಿ ಜಾಂಕಾ. ಗಜದ ಲೆಕ್ಕ ಹಾಕಿದರೆ ಇದು ತಿರುವುಮುರುವಾಗುತ್ತದೆ.

ಜಾಂಕಾ 2,934 ಗಜ ಓಡಿ ಬ್ರೌನ್, ಡೇವಿಸ್, ಲಿಟಲ್ ಮೂವರನ್ನೂ ಹಿಂದಿಕ್ಕಿದವರು. ಲಿಟಲ್ ಅವರದು 2,704. ಆದರೆ ಜಾಂಕಾ ಎದುರಿದ್ದವರನ್ನು ಗುದ್ದಿಕೊಂಡು ಹೋಗುವ ಭಾರಿ ಆಳು, ಅವರ ಕೆಲಸ ಅದೊಂದೇ. ಲಿಟಲ್ ಓಡುತ್ತಿದ್ದರು, ಎಸೆತ ಹಿಡಿಯುತ್ತಿದ್ದರು, ಎದುರಾಳಿ ಒದ್ದ ಚೆಂಡನ್ನು ಹಿಡಿದು ತಿರುಗಿ ಬರುತ್ತಿದ್ದರು. 1964ರಲ್ಲಿ ಹೆಸರಾಂತ ಓಟಗಾರ ಗೇಲ್ ಸೇಯರ್ಸ್ ಆಡುತ್ತಿದ್ದ ಕಾನ್ಸಾಸ್ ವಿರುದ್ಧ ಐದು ಟಚ್‌ಡೌನ್ ಹೊಡೆದಾಗ ಅವರು ಮುಖ್ಯ ತಂಡಕ್ಕೆ ಹೊಸಬರು. 1964, 65, 66, ಮೂರೂ ವರ್ಷ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದರು.

44ನೆಯ ನಂಬರಿನ ಜೆರ್ಸಿಯ ಕಥೆ ಲಿಟಲ್ ಅವರಲ್ಲಿಗೆ ಬಂದು ತುಂಬುತ್ತದೆ. ಬ್ರೌನ್ ತೊಟ್ಟದ್ದು 44. ಡೇವಿಸ್‌ರನ್ನು ಸಿರಾಕ್ಯೂಸ್‌ಗೆ ಕರೆತರಲು ಕೋಚ್ ಪಡೆದದ್ದು ಬ್ರೌನ್ ನೆರವನ್ನೇ. ಡೇವಿಸ್ ತೊಟ್ಟದ್ದೂ 44. ಮುಂದೆ ಡೇವಿಸ್ ನ್ಯೂ ಹೇವನ್ನಿನ ಹುಡುಗ ಲಿಟಲ್ ಜೊತೆ ಕೂತು ಮಾತಾಡಿ ಸಿರಾಕ್ಯೂಸ್‌ಗೆ ಬಾ ಎಂದರು. ಲಿಟಲ್‌ಗೆ ಬೇರೆ ಕಡೆಯಿಂದಲೂ ಕರೆ ಇತ್ತು. ಡೇವಿಸ್ ತೀರಿಕೊಂಡ ಸುದ್ದಿ ಕೇಳಿದ ಮೇಲೆ ಸಿರಾಕ್ಯೂಸ್‌ಗೆ ಫೋನು ಮಾಡಿ ಬರುತ್ತೇನೆಂದರು. ವಿಶ್ವವಿದ್ಯಾಲಯ ತನ್ನ ಅಂಚೆ ಪಿನ್ ಸಂಖ್ಯೆಯನ್ನು 13244 ಎಂದು ಇಟ್ಟುಕೊಂಡಿರುವುದು ಈ ನಂಬರಿನ ಗೌರವಕ್ಕೆ. 2005ರ ನವೆಂಬರ್‌ನಲ್ಲಿ ಆ ಜೆರ್ಸಿಯನ್ನು ವಿಧ್ಯುಕ್ತವಾಗಿ ನಿವೃತ್ತಿಗೊಳಿಸಿದರು.

5. ಐದನೆಯವರು ಡಾನ್ ಮೆಕ್‌ಫರ್ಸನ್, ಆರನೆಯವರು ಡೊನೊವನ್ ಮೆಕ್‌ನ್ಯಾಬ್.

ಇಬ್ಬರೂ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ಗಳು. ಮೆಕ್‌ನ್ಯಾಬ್ 1995ರಿಂದ 98ರವರೆಗೆ ನಾಲ್ಕೂ ವರ್ಷ ತಂಡವನ್ನು ನಡೆಸಿ 8,389 ಗಜ, 77 ಟಚ್‌ಡೌನ್ ಎಸೆದರು. ತಮ್ಮ ಲೀಗಿನ ವರ್ಷದ ದಾಳಿ ಆಟಗಾರ ಪ್ರಶಸ್ತಿಯನ್ನು ಮೂರು ಸಲ ಗೆದ್ದರು. 1998ರಲ್ಲಿ ವರ್ಜೀನಿಯಾ ಟೆಕ್ ಎದುರಿನ ಪಂದ್ಯದ ಕೊನೆಯಲ್ಲಿ ದಣಿದು ಮೈದಾನದಲ್ಲೇ ವಾಂತಿ ಮಾಡಿಕೊಂಡ ಮೇಲೂ ಆಟ ಬಿಡಲಿಲ್ಲ. ಗಡಿಯಾರ ಸೊನ್ನೆಗೆ ಬರುವಾಗ ಬಲಕ್ಕೆ ಓಡುತ್ತ, ಅಂಗಳದ ಎಡತುದಿಯಲ್ಲಿ ಒಂಟಿಯಾಗಿದ್ದ ಸ್ಟೀವನ್ ಬ್ರೊಮಿನ್ಸ್ಕಿಗೆ ಎಸೆದು 28-26ರಲ್ಲಿ ಗೆಲ್ಲಿಸಿದರು.

ಇಷ್ಟಿದ್ದರೂ ನನ್ನ ಮತ ಮೆಕ್‌ಫರ್ಸನ್‌ಗೆ. 1987ರಲ್ಲಿ ಅವರು ನಡೆಸಿದ ತಂಡ 11 ಪಂದ್ಯ ಗೆದ್ದು ಒಂದನ್ನು ಸಮ ಮಾಡಿಕೊಂಡಿತು, ಒಂದನ್ನೂ ಸೋಲಲಿಲ್ಲ. ವೆಸ್ಟ್ ವರ್ಜೀನಿಯಾ ಎದುರು ಕೊನೆಯ ಹತ್ತು ಹದಿನೈದು ಸೆಕೆಂಡಿನಲ್ಲಿ ಟಚ್‌ಡೌನ್ ಬಂದಾಗ ಅಂಕ 30-31. ಒಂದು ಅಂಕದ ಒದೆತ ಒದ್ದರೆ ಪಂದ್ಯ ಸಮ. ಸಿರಾಕ್ಯೂಸ್ ಒದೆಯಲಿಲ್ಲ, ಎರಡು ಅಂಕಕ್ಕಾಗಿ ಮತ್ತೆ ಗೆರೆ ದಾಟಲು ನೋಡಿತು. ಮೆಕ್‌ಫರ್ಸನ್ ಎಡಕ್ಕೆ ಓಡಿ, ತಮ್ಮ ಮೇಲೆ ಎದುರಾಳಿ ಬೀಳುವವರೆಗೆ ಕಾದು, ಪಕ್ಕದ ಮೈಕೆಲ್ ಓವೆನ್ಸ್‌ಗೆ ಚೆಂಡು ಕೊಟ್ಟರು. ಓವೆನ್ಸ್ ಗೆರೆ ದಾಟಿದರು: 32-31. ಓವೆನ್ಸ್ ಬೆನ್ನ ಮೇಲಿದ್ದ ನಂಬರು 44. ಇದಾದ ಮೇಲೆ ಶುಗರ್ ಬೌಲ್‌ನಲ್ಲಿ ಆಬರ್ನ್ ತಂಡ ಕೊನೆ ಗಳಿಗೆಯಲ್ಲಿ ಗೆಲುವಿಗೆ ಹೋಗದೆ ಒದೆತ ಒದ್ದು 16-16ರ ಸಮಕ್ಕೆ ತೃಪ್ತಿಪಟ್ಟಿತು. ಕಾಲೇಜು ಆಟದಲ್ಲಿ ಆಗ ಹೆಚ್ಚುವರಿ ಅವಧಿ ಇರಲಿಲ್ಲ. ಗೆಲ್ಲುವ ಹಸಿವಿನ ಎರಡು ಮಾದರಿಗಳನ್ನು ಆ ಆರು ವಾರಗಳಲ್ಲೇ ನೋಡಬಹುದು. ಹೈಸ್‌ಮನ್ ಮತಗಣನೆಯಲ್ಲಿ ಮೆಕ್‌ಫರ್ಸನ್ ಎರಡನೆಯವರಾದರು.

6. ಏಳನೆಯವರು ಡ್ವೈಟ್ ಫ್ರೀನಿ.

ಎಸೆಯುವವನನ್ನು ಎಸೆಯುವ ಮೊದಲೇ ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ. 2001ರಲ್ಲಿ ಫ್ರೀನಿ 17.5 ಸ್ಯಾಕ್ ಮಾಡಿದರು. ಅವರ ಜಾಗದಲ್ಲಿ ಆಡುವವರ ಎತ್ತರಕ್ಕೆ ಅವರು ಕುಳ್ಳು. ಆದರೆ ತಡೆಯಲು ಬಂದವನ ಎದೆಗೆ ನುಗ್ಗಿ, ಬುಗುರಿಯ ಹಾಗೆ ಗಿರ್ರನೆ ತಿರುಗಿ ಅವನನ್ನು ಬಳಸಿ ದಾಟುತ್ತಿದ್ದರು. ಮೈಕೆಲ್ ವಿಕ್‌ನಂಥ ಮಿಂಚಿನ ಓಟಗಾರನನ್ನು ಒಂದೇ ಪಂದ್ಯದಲ್ಲಿ 4.5 ಸಲ ಕೆಡವಿದ್ದು ಅವರ ಅತಿ ದೊಡ್ಡ ಸಾಧನೆ ಎಂದು ನನ್ನ ಎಣಿಕೆ. ಒಟ್ಟು ಸ್ಯಾಕ್‌ಗಳಲ್ಲಿ ಎಂಬತ್ತರ ದಶಕದ ಟಿಮ್ ಗ್ರೀನ್ ಅವರದು 45.5, ಫ್ರೀನಿಯದು 34. ಗ್ರೀನ್ ಈ ಹತ್ತರಲ್ಲಿ ಇಲ್ಲದಿರುವುದು ನನಗೇ ಕಷ್ಟದ ಮಾತು.

7. ಎಂಟನೆಯವರು ವಿಲ್ಮೆತ್ ಸಿಡಾಟ್-ಸಿಂಗ್. ಇದು ಅನುಕಂಪದ ಸ್ಥಾನವಲ್ಲ.

ಹೆಸರು ಕಂಡು ಭಾರತದವರೆಂದುಕೊಳ್ಳುವುದು ಸಹಜ. ಅಂದಿನ ಅಮೆರಿಕದ ಪತ್ರಿಕೆಗಳೂ ಹಾಗೇ ಬರೆದವು. ಅವರು ವಾಷಿಂಗ್ಟನ್‌ನಲ್ಲಿ ಹುಟ್ಟಿದ ಕಪ್ಪು ಅಮೆರಿಕನ್, ತಂದೆಯ ಮನೆತನದ ಹೆಸರು ವೆಬ್. ತಂದೆ ತೀರಿಕೊಂಡ ಮೇಲೆ ತಾಯಿ ಭಾರತೀಯ ಮೂಲದ ವೈದ್ಯ ಸ್ಯಾಮ್ಯುಯೆಲ್ ಸಿಡಾಟ್-ಸಿಂಗ್ ಅವರನ್ನು ಮದುವೆಯಾದರು. ಮಲತಂದೆ ಮಗುವಿಗೆ ತಮ್ಮ ಹೆಸರು ಕೊಟ್ಟರು. ಹುಡುಗ ಬೆಳೆದದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಸಿರಾಕ್ಯೂಸ್‌ಗೆ ಬಂದದ್ದು ಬ್ಯಾಸ್ಕೆಟ್‌ಬಾಲ್ ಆಡಲು. ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಆಡುತ್ತಿದ್ದ ಫುಟ್‌ಬಾಲ್ ಪಂದ್ಯದಲ್ಲಿ ಅವರ ಎಸೆತ ನೋಡಿದ ಸಹಾಯಕ ಕೋಚ್ ರಾಯ್ ಸಿಮನ್ಸ್ ಅವರನ್ನು ಮುಖ್ಯ ತಂಡಕ್ಕೆ ಎಳೆದು ತಂದರು. ‘ಹಿಂದೂ’ ಆಟಗಾರ ಎಂಬ ಪ್ರಚಾರ ವಿಶ್ವವಿದ್ಯಾಲಯಕ್ಕೆ ಅನುಕೂಲವಾಗಿತ್ತು. ಕಪ್ಪು ಮನುಷ್ಯನಿಗೆ ಸಿಗದ ಅವಕಾಶ ದೂರದೇಶದ ಹೆಸರೊಂದರ ಮರೆಯಲ್ಲಿ ದಕ್ಕುತ್ತಿತ್ತು.

1937ರ ಅಕ್ಟೋಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಮೇರಿಲ್ಯಾಂಡ್ ಎದುರು ಪಂದ್ಯವಿತ್ತು. ಅದಕ್ಕೆ ಮುನ್ನ ಸ್ಯಾಮ್ ಲೇಸಿ ಎಂಬ ಕಪ್ಪು ಪತ್ರಕರ್ತ, ಈ ಆಟಗಾರ ಹಿಂದೂ ಅಲ್ಲ, ನಮ್ಮವನೇ ಎಂದು ಬರೆದರು. ನಮ್ಮವನು ಇಷ್ಟು ಚೆನ್ನಾಗಿ ಆಡುತ್ತಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಾಗಲಿ ಎಂದು ಅವರು ಬರೆದದ್ದು ಸರಿ ಎಂದೇ ನಾನು ಭಾವಿಸುತ್ತೇನೆ. ಕಪ್ಪು ಆಟಗಾರನಿದ್ದರೆ ತಾವು ಆಡುವುದಿಲ್ಲ ಎಂದು ಮೇರಿಲ್ಯಾಂಡ್ ಪಟ್ಟು ಹಿಡಿಯಿತು. ಸಿರಾಕ್ಯೂಸ್ ಒಪ್ಪಿ ಅವರನ್ನು ಹೊರಗೆ ಕೂರಿಸಿತು. ಅದುವರೆಗೆ ಸೋಲದಿದ್ದ ತಂಡ ಆ ದಿನ 13-0ಯಲ್ಲಿ ಸೋತಿತು. ಮರುವರ್ಷ ತನ್ನ ಊರಿನಲ್ಲಿ, ಸಿಡಾಟ್-ಸಿಂಗ್ ಆಡಿದ ಪಂದ್ಯದಲ್ಲಿ, ಅದೇ ಮೇರಿಲ್ಯಾಂಡನ್ನು 53-0ಯಿಂದ ಹೊಡೆಯಿತು. ಅದೇ 1938ರಲ್ಲಿ ಕಾರ್ನೆಲ್ ಎದುರು ಕೊನೆಯ ಹತ್ತು ನಿಮಿಷದೊಳಗೆ ಅವರ ಎಸೆತಗಳಿಂದ ಮೂರು ಟಚ್‌ಡೌನ್ ಬಂದು ಸಿರಾಕ್ಯೂಸ್ 19-17ರಲ್ಲಿ ಗೆದ್ದಿತು. ಆ ಕಾಲದ ಆಟದಲ್ಲಿ ಚೆಂಡನ್ನು ಹಿಡಿದು ಓಡುವುದೇ ಹೆಚ್ಚು, ಎಸೆಯುವುದು ಅಪರೂಪ. ಹತ್ತು ನಿಮಿಷದಲ್ಲಿ ಮೂರು ಸಲ ಹಾಗೆ ಎಸೆಯಬಲ್ಲವರು ದೇಶದಲ್ಲೇ ಬೆರಳೆಣಿಕೆಯಷ್ಟು ಮಂದಿ. ಎಂಟನೆಯ ಸ್ಥಾನ ಆ ತೋಳಿಗೆ ಸಂದದ್ದು.

ಮೊದಲ ಸಾಲಿನ ನಿಯಮವನ್ನು ಇಲ್ಲಿ ಇನ್ನಷ್ಟು ವಿಸ್ತರಿಸಬೇಕಾಗುತ್ತದೆ. ಜೆರ್ಸಿ ತೊಟ್ಟು ಆಡಿದ್ದು ಆಟಗಾರನ ಲೆಕ್ಕಕ್ಕೆ ಹೋಗುವುದಾದರೆ, ಆಡಲು ಬಿಡದ ಪಂದ್ಯ ಕಾಲೇಜಿನ ಲೆಕ್ಕಕ್ಕೆ ಹೋಗಬೇಕು. ಯುದ್ಧ ಬಂದಾಗ ಸಿಡಾಟ್-ಸಿಂಗ್ ಟಸ್ಕೀಗೀಯ ಕಪ್ಪು ವಿಮಾನಚಾಲಕರ ದಳಕ್ಕೆ ಸೇರಿದರು. 1943ರ ಮೇ ತಿಂಗಳಲ್ಲಿ ತರಬೇತಿಯ ಹಾರಾಟದಲ್ಲಿ ಎಂಜಿನ್ ಕೆಟ್ಟು ಹ್ಯೂರಾನ್ ಸರೋವರದಲ್ಲಿ ಮುಳುಗಿ ತೀರಿಕೊಂಡರು. 2005ರಲ್ಲಿ ಸಿರಾಕ್ಯೂಸ್ ಅವರ ಬ್ಯಾಸ್ಕೆಟ್‌ಬಾಲ್ ಜೆರ್ಸಿಯನ್ನು ನಿವೃತ್ತಿಗೊಳಿಸಿತು. 2013ರ ನವೆಂಬರ್‌ನಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಅವರ ಕುಟುಂಬದವರನ್ನು ಮೈದಾನಕ್ಕೆ ಕರೆದು ಕ್ಷಮೆ ಕೇಳಿತು. ಅಂದು ಅವರನ್ನು ಆಡಿಸಬೇಡಿ ಎಂದದ್ದು ಮೇರಿಲ್ಯಾಂಡ್, ಆಡಿಸದೇ ಇದ್ದದ್ದು ಸಿರಾಕ್ಯೂಸ್.

8. ಒಂಬತ್ತು ಮಾರ್ವಿನ್ ಹ್ಯಾರಿಸನ್, ಹತ್ತು ಜೋ ಮಾರಿಸ್.

ಹ್ಯಾರಿಸನ್ ಕಾಲೇಜಿನಲ್ಲಿ 2,728 ಗಜದ ಎಸೆತಗಳನ್ನು ಹಿಡಿದರು; ಅವರ ಕೊನೆಯ ಪಂದ್ಯದಲ್ಲಿ ಎದುರಾಳಿ ಕ್ಲೆಮ್ಸನ್ 41-0ಯಿಂದ ಸೋತಿತು. ಮಾರಿಸ್ ಐದಡಿ ಏಳಂಗುಲದ ಆಳು, 4,299 ಗಜ ಓಡಿದವರು. ಸಿರಾಕ್ಯೂಸ್‌ನ ಯಾವ 44ಕ್ಕೂ ಮುಟ್ಟಲಾಗದ ಮೊತ್ತ. ನಾಲ್ಕು ವರ್ಷ ಆಡಿದ ಅನುಕೂಲವನ್ನು ಕಳೆದರೂ ಹತ್ತನೆಯ ಸ್ಥಾನಕ್ಕೆ ಮೋಸವಿಲ್ಲ.

9. ಒಂಬತ್ತು ಮಂದಿಗೆ ಸಂಖ್ಯೆಯಿಲ್ಲದ ಒಂದು ಸಾಲು.

1970ರಲ್ಲಿ ಸಿರಾಕ್ಯೂಸ್‌ನ ಒಂಬತ್ತು ಕಪ್ಪು ಆಟಗಾರರು ಅಭ್ಯಾಸ ಬಹಿಷ್ಕರಿಸಿ ಆ ಋತುವಿನಿಂದ ಹೊರಗುಳಿದರು. ಪತ್ರಿಕೆಗಳು ಎಂಟು ಎಂದು ತಪ್ಪಾಗಿ ಬರೆದದ್ದರಿಂದ ‘ಸಿರಾಕ್ಯೂಸ್ ಎಂಟು’ ಎಂಬ ಹೆಸರೇ ನಿಂತಿತು. ಕೋಚ್ ಅದೇ ಶ್ವಾರ್ಟ್ಸ್‌ವಾಲ್ಡರ್. ಬ್ರೌನ್, ಡೇವಿಸ್, ಲಿಟಲ್ ಮೂವರನ್ನೂ ಆಡಿಸಿದವರು, ನಾರ್ಮಂಡಿಯಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದ ಸೈನಿಕ. ಅವರನ್ನು ಒಂದೇ ಬಣ್ಣದಲ್ಲಿ ಬರೆಯಲಾಗದು. ಆದರೆ ಆಟಗಾರರು ಕೇಳಿದ್ದೂ ಅತಿಯಾದದ್ದೇನಲ್ಲ: ಎಲ್ಲರಿಗೂ ಸರಿಯಾದ ವೈದ್ಯೋಪಚಾರ, ಓದಿಗೆ ನೆರವು, ತರಬೇತುದಾರರಲ್ಲಿ ಒಬ್ಬ ಕಪ್ಪು ಮನುಷ್ಯ, ಮತ್ತು ತಂಡದಲ್ಲಿ ಯಾರು ಮೊದಲು ಆಡಬೇಕು ಯಾರು ಬೆಂಚಿನಲ್ಲಿರಬೇಕು ಎಂಬುದನ್ನು ಬಣ್ಣ ನೋಡದೆ ಆಟ ನೋಡಿ ತೀರ್ಮಾನಿಸುವುದು. ಜಿಮ್ ಬ್ರೌನ್ ಬಂದು ಸಂಧಾನಕ್ಕೆ ಕೂತರು, ಫಲ ಸಿಗಲಿಲ್ಲ. ಆ ಒಂಬತ್ತು ಮಂದಿ ಇಲ್ಲದ ತಂಡ ಮೊದಲ ಮೂರು ಪಂದ್ಯ ಸೋತು, ಕೊನೆಗೆ 6 ಗೆಲುವು 4 ಸೋಲಿನೊಂದಿಗೆ ಋತು ಮುಗಿಸಿತು.

ಅವರು ಇಟ್ಟ ನಾಲ್ಕನೆಯ ಬೇಡಿಕೆಯಿಂದಾಗಿ ಈ ಸಾಲು ಇಲ್ಲಿದೆ. ಯಾರು ಯಾರಿಗಿಂತ ಮೇಲು ಎಂಬ ಪಟ್ಟಿಯನ್ನು ಋತುವಿನ ಪ್ರತಿ ವಾರವೂ ಕೋಚ್ ಬರೆಯುತ್ತಾರೆ. ನಾನು ಮೇಲೆ ಬರೆದ ಪಟ್ಟಿಗೆ ಬೇಕಾದ ಗಜ, ಅಂಕ, ಟ್ರೋಫಿಗಳೆಲ್ಲ ಆ ವಾರದ ಪಟ್ಟಿಯಲ್ಲಿ ಹೆಸರಿದ್ದವರಿಗಷ್ಟೇ ದಕ್ಕಿದವು. ಅದರಲ್ಲಿ ಹೆಸರು ಏರುವುದು ಆಟದಿಂದಲೇ ಆಗಬೇಕೆಂದು ಕೇಳಿದ್ದಕ್ಕೆ ಈ ಒಂಬತ್ತು ಮಂದಿ ಒಂದು ಋತುವನ್ನೇ ತೆತ್ತರು. 2006ರಲ್ಲಿ ವಿಶ್ವವಿದ್ಯಾಲಯ ಅವರ ಕ್ಷಮೆ ಕೇಳಿ, ಕುಲಪತಿಗಳ ಪದಕವನ್ನೂ ತಂಡದ ಆಟಗಾರರಿಗೆ ಸಲ್ಲುವ ಜಾಕೆಟ್ಟನ್ನೂ ಕೊಟ್ಟಿತು. ಅಷ್ಟರಲ್ಲಿ ಮೂವತ್ತಾರು ವರ್ಷ ಕಳೆದಿದ್ದವು.